ಮೂರೂವರೆಯ ಬಟ್ಟಲು

ಶಕ್ತಿನಗರದಲ್ಲಿ ರಾತ್ರಿ ಪೂರಾ ಕಪ್ಪಾಗುವುದಿಲ್ಲ.
ಚಿಮಣಿಗಳ ನೆತ್ತಿಗೆ ಕೆಂಪು ದೀಪ,
ಕೃಷ್ಣೆಯ ನೀರಿನಲ್ಲಿ ಅದರ ಅಲುಗಾಟ.
ಆದರೂ ನಮ್ಮ ಓಣಿ ಮಲಗುತ್ತದೆ,
ಕಿಟಕಿಯ ಮೇಲೆ ಬೂದಿ ಕೂರುವ ಸದ್ದು
ಕೇಳಿಸುವಷ್ಟು.

ಮೂರೂವರೆಗೆ ಏಳುವವಳು ನಾನೊಬ್ಬಳೇ.
ತಣ್ಣೀರು, ಮೆಕ್ಕೆಜೋಳದ ಪಿಷ್ಟ, ಅಳೆದು ನಾಲ್ಕು ಚಮಚ.
ಬೇಯಿಸಬಾರದು. ಹಸಿಯಾಗಿದ್ದರೇ
ಬೆಳಗಿನವರೆಗೆ ತಡೆದು ತಡೆದು ಕರಗುತ್ತದೆ.
ಇಫ್ಫತ್ ಕಣ್ಣು ಮುಚ್ಚಿಕೊಂಡೇ ಕುಡಿಯುತ್ತಾಳೆ,
ಸುಣ್ಣ ಕುಡಿದ ಗೋಡೆಯ ಹಾಗೆ
ತುಟಿಯ ಮೇಲೆ ಬಿಳಿ.

ಹೈದರಾಬಾದಿಗೆ ಹೋದ ಒಣ ರಕ್ತದ ಚುಕ್ಕೆ
ಹನ್ನೊಂದು ದಿನಕ್ಕೆ ಕಾಗದವಾಗಿ ಬಂದಿತ್ತು.
ಹೆಸರು ಗೇಣುದ್ದ.
ರಾಯಚೂರಿನ ಡಾಕ್ಟರಮ್ಮ ಚೀಟಿಯ ಬೆನ್ನಿಗೆ
ಸರಪಳಿ ಬರೆದಳು, ಹದಿನಾರು ಇಂಗಾಲದ್ದು.
ಊಟದ ಸಕ್ಕರೆ ತೀರಿದ ಮೇಲೆ
ದೇಹ ಕೂಡಿಟ್ಟ ಕೊಬ್ಬಿಗೆ ಕೈ ಹಾಕುತ್ತದೆ,
ಎರಡೆರಡೇ ಕಳಚಿ ಒಲೆಗೆ.
ಉದ್ದ ಇರುವಾಗ ಒಂದು ಕಿಣ್ವ,
ಗಿಡ್ಡವಾದ ಮೇಲೆ ಇನ್ನೊಂದು.
ನಡುವಿನದಕ್ಕೆ ನಡುವಿನದು.
ಅದರ ಕೆಲಸ ಎರಡು ಜಲಜನಕ ಕೀಳುವುದು, ಅಷ್ಟೇ.
ಕಿತ್ತರೆ ಮುಂದಿನ ಕೊಂಡಿ ಸಡಿಲ.

ನನಗಿಂತ ಮೊದಲು ಇವರಿಗೆ ತಿಳಿಯಿತು.
"ಅಂದ್ರ ನಮ್ಮ ಟಿಪ್ಲರ್ ಇದ್ದಂಗ ನೋಡ್ರಿ.
ಐವತ್ತೆಂಟು ವ್ಯಾಗನ್ನು ಬರತಾವ,
ಹಿಡಿದು ಹಿಡಿದು ಒಂದೊಂದೇ ಕವುಚಬೇಕು.
ನಡು ಶಿಫ್ಟಿನಾಂವ ಬರಲಿಲ್ಲಂದ್ರ
ರೇಕು ಸೈಡಿಂಗಿನಾಗೇ ನಿಂತಬಿಡತದ,
ಕಲ್ಲಿದ್ದಲು ತುಂಬಿಕೊಂಡೇ."
ಆಮೇಲೆ ಸುಮ್ಮನಾದರು.
ಬಾಯ್ಲರು ಏನಾಗುತ್ತದೆಂದು
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಸುಫಿಯಾನ್‌ಗೆ ಹದಿನಾಲ್ಕು ತಿಂಗಳು.
ಮೈ ಬೆಚ್ಚಗಿತ್ತು, ಹಾಲು ಒಲ್ಲೆಂದ.
ಮಲಗಲಿ ಪಾಪ ಎಂದು
ನಾನೇ ಎಬ್ಬಿಸಲಿಲ್ಲ.
ಓಣಿ ನಜರ್ ಅಂದಿತು. ನಂಬಿದೆ.
ನಂಬದೆ ಹೋದರೆ ಉಳಿಯುತ್ತಿದ್ದ ಕಾರಣ
ನಾನು.

ಈಗ ಗೊತ್ತು: ತಪ್ಪಿದ ಅಕ್ಷರ ಒಂದು ನನ್ನದು, ಒಂದು ಇವರದು.
ಎರಡೂ ಒಬ್ಬನೇ ಮುತ್ತಜ್ಜನ ಕೈಬರಹ,
ಮಸ್ಕಿಯಲ್ಲಿ ಹಗ್ಗ ಹೊಸೆಯುತ್ತಿದ್ದನಂತೆ.
ನಾವಿಬ್ಬರೂ ನೋಡಿಲ್ಲ.

ವರ್ಷಕ್ಕೊಂದು ತಿಂಗಳು ಮಾತ್ರ
ನಾನು ಒಬ್ಬಳಲ್ಲ.
ಮಸೀದಿಯ ಮೈಕು ಸಹರಿಗೆ ಎಬ್ಬಿಸುತ್ತದೆ,
ಎದುರು ಮನೆಯಲ್ಲಿ ಕುಕ್ಕರ್ ಕೂಗುತ್ತದೆ,
ಗೋಡೆಯಾಚೆ ಸೂಗಮ್ಮ ನಿದ್ದೆಗೆಟ್ಟು
"ಇಷ್ಟೊತ್ತಿನಾಗ ಏನು ಒಗ್ಗರಣಿ ಹಚ್ಚೀರಿ" ಎಂದು
ಸಿಟ್ಟಿಲ್ಲದೆ ಬೈಯುತ್ತಾಳೆ.
ಓಣಿಗೆ ಓಣಿಯೇ ದೀಪ ಹಚ್ಚಿಕೊಂಡು
ನನ್ನ ಮಗಳ ಹೊತ್ತಿಗೆ ಎದ್ದು ಕೂತಿದೆ.

ಈ ಸಲ ಅವಳಿಗೆ ಒಂಬತ್ತು.
ಚಿಕ್ಕಪ್ಪನ ಮಗಳ ಮೊದಲ ರೋಜಾ,
ಕೊರಳಿಗೆ ಹೂವಿನ ಹಾರ, ಫೋಟೋ,
ತಟ್ಟೆ ತುಂಬ ಖರ್ಜೂರ.
"ನನಗ್ಯಾಕ ಬ್ಯಾಡ ಅಮ್ಮೀ?
ಅರ್ಧ ದಿನ?
ಅರ್ಧದ ಅರ್ಧ?"
ದಾದಿಮಾ ಅಂದರು, ಬೀಮಾರಿಗೆ ಮಾಫಿ ಇದೆ ಬೇಟಾ.
"ನಾ ಬೀಮಾರ್ ಎಲ್ಲಿದ್ದೀನಿ?"
ನಿಜ. ಓಟದಲ್ಲಿ ಎರಡನೇ ಬಹುಮಾನ ಅವಳದೇ.

ನಾನು ಡಾಕ್ಟರಮ್ಮನ ಚೀಟಿ ತಂದೆ,
ಮಡಿಕೆಯಲ್ಲಿ ಹರಿದ ಸರಪಳಿ ತೋರಿಸಿದೆ,
ಇದು ಕೊಬ್ಬು, ಇದು ಅದನ್ನು ತಿನ್ನಬೇಕಾದದ್ದು,
ನಿನ್ನೊಳಗಿನದು ತಿನ್ನುವುದಿಲ್ಲ.
ಬಹಳ ಹೊತ್ತು ನೋಡಿದಳು.
"ಹಂಗಂದ್ರ ಅದು ರೋಜಾ ಹಿಡದದ.
ನಾ ಹುಟ್ಟಿದಾಗಿಂದ.
ಅದರ ಪಾಲಿಂದೂ ನಾನೇ ತಿನ್ನಬೇಕು."
ಎಂದವಳೇ ಪಕೋಡಕ್ಕೆ ಕೈ ಹಾಕಿದಳು,
ಅಜಾನ್ ಆಗಲು ಇನ್ನೂ ಇಪ್ಪತ್ತು ನಿಮಿಷ.
ದಾದಿಮಾ ನಗು ತಡೆಯಲು ಸೆರಗು ಕಚ್ಚಿದರು.
ಸೆರಗು ಬಹಳ ಹೊತ್ತು ಬಾಯಲ್ಲೇ ಇತ್ತು.

ಈದ್ ಮುಗಿದು ಆರು ದಿನ.
ಓಣಿ ಮತ್ತೆ ಮಲಗಿದೆ.
ಸೈಡಿಂಗಿನ ಕಡೆ ರೇಕೊಂದು ಬಂದು
ಕೊಂಡಿಗಳು ಒಂದರ ಹಿಂದೊಂದು ಬಡಿದುಕೊಳ್ಳುತ್ತವೆ,
ಇವತ್ತು ಇವರದೇ ರಾತ್ರಿ ಪಾಳಿ.
ನಾನು ಚಮಚ ತಿರುವುತ್ತಿದ್ದೇನೆ.
ಕೈ ನಿಂತರೆ ಪಿಷ್ಟ ತಳಕ್ಕೆ ಕೂರುತ್ತದೆ,
ಮೇಲೆ ಬರೀ ನೀರು.
ಇಫ್ಫತ್, ಏಳು.
ಏಳಮ್ಮಾ.